ನಾಯಿ ಸರಪಳಿ ಮತ್ತು ಕ್ರೇಡ್ಲಿ ಹೀತಿನ ಹೆಂಗಸರು

ಬರ್ಮಿಂಗ್‌ಹ್ಯಾಮ್ ನಗರದಿಂದ ಪಶ್ಚಿಮಕ್ಕೆ ಹೋಗುವ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಕ್ರೇಡ್ಲಿ ಹೀತ್ ಎಂಬ ನಿಲ್ದಾಣ ಬರುತ್ತದೆ. ಊರಿನಿಂದ ಬಂದ ನೆಂಟರಿಗೆ ತೋರಿಸಲು ಕರೆದುಕೊಂಡು ಹೋಗುವಂಥ ಜಾಗವೇನೂ ಅಲ್ಲ. ಆದರೆ ನೂರು ವರ್ಷದ ಹಿಂದೆ ಈ ಪುಟ್ಟ ಊರು ಮತ್ತು ಅದರ ನೆರೆಯ ಹಳ್ಳಿಗಳು ಬ್ರಿಟನ್ನಿನ ಸರಪಳಿಯ ಕುಲುಮೆಯಾಗಿದ್ದವು. ಕಲ್ಲಿದ್ದಲಿನ ಮಸಿ, ಕುಲುಮೆಗಳ ಹೊಗೆ ಇವುಗಳಿಂದ ಈ ಸೀಮೆಗೆ ಬ್ಲ್ಯಾಕ್ ಕಂಟ್ರಿ ಎಂಬ ಹೆಸರು ಬಂತು. ಇಲ್ಲಿಂದ ಸ್ವಲ್ಪ ದೂರದ ನೆದರ್ಟನ್ನಿನಲ್ಲಿ ನೋವಾ ಹಿಂಗ್ಲಿ ಕಂಪನಿಯವರು ಟೈಟಾನಿಕ್ ಹಡಗಿನ ದೊಡ್ಡ ಲಂಗರನ್ನು ಮಾಡಿದ್ದು. 1911ರಲ್ಲಿ ಅದನ್ನು ಇಪ್ಪತ್ತು ಕುದುರೆಗಳು ಡಡ್ಲಿಯ ರೈಲು ನಿಲ್ದಾಣಕ್ಕೆ ಎಳೆದುಕೊಂಡು ಹೋದವು. ಆ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಲಂಗರಿನ ಕತೆಯನ್ನು ಇಲ್ಲಿಯ ಶಾಲೆಯ ಮಕ್ಕಳೂ ಹೇಳುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಅದಲ್ಲ. ಲಂಗರಿನ ಸರಪಳಿಯನ್ನು ಗಂಡಸರು ದೊಡ್ಡ ಕಾರ್ಖಾನೆಯಲ್ಲಿ ಕುಟ್ಟುತ್ತಿದ್ದ ಹೊತ್ತಿಗೆ, ಹೆಂಗಸರು ತಮ್ಮ ಮನೆಯ ಹಿತ್ತಲಿನ ಗೂಡಿನಂಥ ಕುಲುಮೆಗಳಲ್ಲಿ ಸಣ್ಣ ಸರಪಳಿ ಕುಟ್ಟುತ್ತಿದ್ದರು. ನೇಗಿಲಿನದು, ಕುದುರೆಯ ಸಾಜಿನದು, ದನದ ಕೊರಳಿನದು, ನಾಯಿಯದು.

ನಾಯಿ ಸರಪಳಿಗೂ ಒಂದು ಇತಿಹಾಸವಿದೆಯೇ ಎಂದು ಕೇಳಬಹುದು. ಅಂಗಡಿಯಲ್ಲಿ ತೂಗುಹಾಕಿರುವ ಒಂದು ಹೊಸ ಸರಪಳಿಯನ್ನು ಕೈಗೆತ್ತಿಕೊಂಡು ನೋಡಿ. ಕೊಂಡಿ, ಬೆಸುಗೆ, ತಿರುಗುಕೊಂಡಿ, ತುದಿಯ ಕೊಕ್ಕೆ, ಮೇಲೆ ಸತುವಿನ ಲೇಪ. ಇಷ್ಟರಲ್ಲಿ ಒಂದೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಟ್ಟಿದ್ದು. ಬಹುಪಾಲು ನಾಯಿಗಾಗಿ ಹುಟ್ಟಿದ್ದೂ ಅಲ್ಲ. ಹಡಗಿಗೆ, ಗಣಿಗೆ, ಸೈನ್ಯಕ್ಕೆ ಅಂತ ಹುಟ್ಟಿ, ಕೊನೆಗೆ ನಾಯಿಯ ಕೊರಳಿಗೆ ಬಂದದ್ದು. ಯಾವುದು ಎಲ್ಲಿಂದ ಬಂತೆಂದು ತಿಳಿದರೆ ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ. ನಾನು ಈ ವಿಷಯದ ಹಿಂದೆ ಬಿದ್ದದ್ದು ಆ ಕಾರಣಕ್ಕೇ.

ನಾಯಿಯನ್ನು ಕಟ್ಟುವ ಪದ್ಧತಿ ಬಹಳ ಹಳೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನಿನೆವೆಯ ಕಲ್ಲಿನ ಉಬ್ಬುಶಿಲ್ಪಗಳಲ್ಲಿ ಅಸ್ಸೀರಿಯದ ಅರಸ ಅಶುರ್‌ಬನಿಪಾಲನ ಬೇಟೆಯಾಳುಗಳು ದಪ್ಪ ಕತ್ತಿನ ನಾಯಿಗಳನ್ನು ಹಗ್ಗ ಹಿಡಿದು ನಡೆಸುತ್ತಿದ್ದಾರೆ. ಕ್ರಿಸ್ತಪೂರ್ವ ಏಳನೆಯ ಶತಮಾನದ ಕೆಲಸ ಅದು. ನಾಯಿಗಳು ಮುಂದಕ್ಕೆ ಜಗ್ಗುತ್ತಿವೆ, ಆಳುಗಳು ಹಿಂದಕ್ಕೆ ವಾಲಿದ್ದಾರೆ. ಇಪ್ಪತ್ತಾರು ಶತಮಾನಗಳಲ್ಲಿ ಈ ಜಗ್ಗಾಟವೇನೂ ಬದಲಾಗಿಲ್ಲ. ರೋಮನ್ನರು ಕಾವಲು ನಾಯಿಯನ್ನು ಮನೆಯ ಬಾಗಿಲಲ್ಲೇ ಕಟ್ಟುತ್ತಿದ್ದರು. ಪಾಂಪೇ ನಗರದ ಒಂದು ಮನೆಯ ಹೊಸ್ತಿಲಲ್ಲಿ ಸರಪಳಿ ಹಾಕಿದ ಕಪ್ಪು ನಾಯಿಯ ಚಿತ್ರವನ್ನು ಸಣ್ಣ ಸಣ್ಣ ಕಲ್ಲುಗಳಿಂದ ಜೋಡಿಸಿ, ಕೆಳಗೆ ನಾಯಿಯಿದೆ ಎಚ್ಚರಿಕೆ ಎಂದು ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ. ನಮ್ಮ ಬೆಂಗಳೂರಿನ ಗೇಟುಗಳ ಮೇಲಿನ ಫಲಕದ ಮುತ್ತಾತ.

ಅದೇ ಪಾಂಪೇಯಲ್ಲಿ ಇನ್ನೊಂದು ನಾಯಿ ಸಿಕ್ಕಿತು, 1874ರಲ್ಲಿ. ಚಿತ್ರವಲ್ಲ, ನಿಜವಾದ ನಾಯಿ. ವೆಸೋನಿಯಸ್ ಪ್ರೀಮಸ್ ಎಂಬವನದೆಂದು ಗುರುತಿಸಲಾದ ಮನೆಯಲ್ಲಿ ಅದನ್ನು ಕಟ್ಟಿಹಾಕಿದ್ದರು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿದಾಗ ಯಾರೂ ಬಿಚ್ಚಲಿಲ್ಲ. ಮೇಲಿನಿಂದ ಸುರಿದ ಹಗುರ ಕಲ್ಲು, ಬೂದಿಗಳ ರಾಶಿ ಏರುತ್ತ ಹೋದಂತೆ ನಾಯಿಯೂ ಅದರ ಮೇಲೆ ಏರುತ್ತ ಹೋಗಿ, ಸರಪಳಿಯ ಉದ್ದ ಮುಗಿದಲ್ಲಿ ನಿಂತಿತು. ದೇಹ ಕರಗಿ ಉಳಿದ ಟೊಳ್ಳಿನಲ್ಲಿ ಗಾರೆ ಹೊಯ್ದು ತೆಗೆದ ಅಚ್ಚಿನಲ್ಲಿ, ಬೆನ್ನು ಅಡಿಯಾಗಿ ಕಾಲು ಮೇಲಾಗಿ ತಿರುಚಿದ ಮೈ, ಕೊರಳಪಟ್ಟಿಯ ಕಂಚಿನ ಗುಬುಟು ಎಲ್ಲವೂ ಕಾಣುತ್ತದೆ. ಆ ಸರಪಳಿ ಗಟ್ಟಿಯಾಗಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಅದನ್ನು ಮಾಡಿದವನ ಕೆಲಸದಲ್ಲಿ ದೋಷವಿರಲಿಲ್ಲ. ನಾಯಿ ಕಟ್ಟುವ ಸಾಮಾನಿನ ಬಗ್ಗೆ ಬರೆಯುವವರು ಗಟ್ಟಿತನವೊಂದನ್ನೇ ಹೊಗಳುವುದನ್ನು ಓದಿದಾಗ ನನಗೆ ಆ ಅಚ್ಚು ನೆನಪಾಗುತ್ತದೆ.

ಇಂಗ್ಲಿಷರಲ್ಲಿ ಕಟ್ಟಿದ ನಾಯಿಗೆ ಒಂದು ಹೆಸರೇ ಇತ್ತು: ಬ್ಯಾಂಡಾಗ್. ಬಂಧನದಲ್ಲಿರುವ ನಾಯಿ, ಕಟ್ಟುನಾಯಿ ಎಂದರ್ಥ. ಹದಿನಾರನೆಯ ಶತಮಾನದಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ಇಂಗ್ಲೆಂಡಿನ ಜನಜೀವನವನ್ನು ವರ್ಣಿಸಿ ಬರೆದ ಪುಸ್ತಕದಲ್ಲಿ ಈ ನಾಯಿಯ ಪ್ರಸ್ತಾಪವಿದೆ. ಹಗಲಿನಲ್ಲಿ ಸರಪಳಿಯಿಂದ ಬಿಗಿದು ಕಟ್ಟಿಡುತ್ತಾರಾದ್ದರಿಂದ ಆ ಹೆಸರು ಎಂದು ಅವನೇ ಹೇಳುತ್ತಾನೆ. ಹಗಲು ಕಟ್ಟು, ರಾತ್ರಿ ಬಿಡು. ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿ ಬಿಡುವುದೂ ಒಂದು ಕೆಲಸ, ದನ ಕಟ್ಟುವಂತೆ. ಕನ್ನಡದ ಮಟ್ಟಿಗೆ ನಾಯಿ ಬಿಡುವುದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಹತ್ತನೆಯ ಶತಮಾನದ ಆತಕೂರಿನ ಶಾಸನ ಮಣಲೇರ ಎಂಬ ವೀರ ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿಯದು. ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಬಿಟ್ಟರು ಎಂದ ಮೇಲೆ ಹಿಡಿದದ್ದೊಂದು ಇದ್ದೇ ಇರಬೇಕು. ಹಗ್ಗವೋ ಚರ್ಮದ ಪಟ್ಟಿಯೋ, ಕಲ್ಲು ಅದನ್ನು ಹೇಳುವ ಗೋಜಿಗೆ ಹೋಗಿಲ್ಲ.

ಹಗ್ಗ ಅಗ್ಗ, ಹಗುರ. ಆದರೆ ನಾಯಿ ಕಚ್ಚಿ ಕಡಿಯುತ್ತದೆ. ಅದಕ್ಕೇ ಕಬ್ಬಿಣ. ಕಬ್ಬಿಣದ ಸರಪಳಿಗೆ ಬೇರೊಂದು ರೋಗ: ತಿರುಚಿಕೊಳ್ಳುವುದು. ನಾಯಿ ಗೂಟದ ಸುತ್ತ ಸುತ್ತುತ್ತದೆ, ತಾನೇ ತಾನು ಗಿರಕಿ ಹೊಡೆಯುತ್ತದೆ, ಮಲಗುವ ಮೊದಲು ನಾಲ್ಕು ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೂ ಸರಪಳಿಯಲ್ಲಿ ಒಂದು ಮುರಿ ಬೀಳುತ್ತದೆ. ಸಂಜೆಯ ಹೊತ್ತಿಗೆ ಐದು ಮೀಟರಿನ ಸರಪಳಿ ಒಂದು ಮೀಟರಿನ ಗಂಟಾಗಿ, ನಾಯಿಯ ಕೊರಳು ನೆಲಕ್ಕೆ ತಾಗಿರುತ್ತದೆ. ಇದಕ್ಕೆ ಪರಿಹಾರ ತಿರುಗುಕೊಂಡಿ. ಅದನ್ನು ಇಲ್ಲಿ ಸ್ವಿವೆಲ್ ಎನ್ನುತ್ತಾರೆ. ಒಂದರೊಳಗೊಂದು ಸ್ವತಂತ್ರವಾಗಿ ತಿರುಗುವ ಎರಡು ಭಾಗಗಳ ಕೊಂಡಿ ಅದು. ಕಲ್ಪನೆ ಹಳೆಯದಾದರೂ ಅದನ್ನು ಪಟ್ಟುಹಿಡಿದು ಬೆಳೆಸಿದವರು ಹಡಗಿನವರು. ಲಂಗರು ಹಾಕಿ ನಿಂತ ಹಡಗು ಗಾಳಿಗೆ, ಉಬ್ಬರವಿಳಿತಕ್ಕೆ ಸುತ್ತುತ್ತಲೇ ಇರುತ್ತದೆ, ಥೇಟು ಗೂಟಕ್ಕೆ ಕಟ್ಟಿದ ನಾಯಿಯ ಹಾಗೆ. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಬ್ರೌನ್ 1808ರಲ್ಲಿ ಸೆಣಬಿನ ಲಂಗರು ಹಗ್ಗದ ಬದಲು ಕಬ್ಬಿಣದ ಸರಪಳಿ ತರಲು ಪೇಟೆಂಟ್ ಪಡೆದಾಗ ಅದರಲ್ಲಿ ಜೋಡಿಸುವ ಸಂಕೋಲೆಯೂ ಸ್ವಿವೆಲ್ಲೂ ಸೇರಿದ್ದವು. ಆಮೇಲೆ ಅವನು ಸರಪಳಿಯಿಂದ ಸೇತುವೆಯನ್ನೇ ತೂಗಿಹಾಕಿದ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ನಡುವಿನ ಟ್ವೀಡ್ ನದಿಯ ಮೇಲೆ 1820ರಲ್ಲಿ ತೆರೆದ ಆ ಸೇತುವೆ ಇಂದಿಗೂ ನಿಂತಿದೆ.

ಹಡಗಿನ ಸರಪಳಿ ತುಂಡಾದರೆ ಹಡಗು ಬಂಡೆಗೆ ಬಡಿಯುತ್ತದೆ, ಜನ ಸಾಯುತ್ತಾರೆ, ವಿಮಾ ಕಂಪನಿ ಹಣ ಕೊಡಬೇಕಾಗುತ್ತದೆ. ಹಾಗಾಗಿ 1864ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹಡಗಿನ ಸರಪಳಿ, ಲಂಗರುಗಳನ್ನು ಎಳೆದು ಪರೀಕ್ಷಿಸಿ ಮುದ್ರೆ ಒತ್ತದೆ ಮಾರಕೂಡದು ಎಂದು ಕಾಯ್ದೆ ಮಾಡಿತು. ನಾಯಿ, ದನಗಳ ಸರಪಳಿಗೆ ಅಂಥ ಯಾವ ಕಾಯ್ದೆಯೂ ಬರಲಿಲ್ಲ. ಪರೀಕ್ಷೆಗೊಳಗಾದ ಸರಪಳಿಯನ್ನು ಮಾಡುತ್ತಿದ್ದವರು ಗಂಡಸರು, ಅವರಿಗೆ ಸಂಘವಿತ್ತು, ತಕ್ಕಮಟ್ಟಿನ ಕೂಲಿಯಿತ್ತು. ಪರೀಕ್ಷೆಯಿಲ್ಲದ ಸಣ್ಣ ಸರಪಳಿ ಹೆಂಗಸರ ಪಾಲಾಯಿತು.

ಆ ಹೆಂಗಸರ ಕೆಲಸ ಹೇಗಿತ್ತೆಂದು ನೋಡಬೇಕಾದರೆ ಡಡ್ಲಿಯಲ್ಲಿರುವ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಮ್ಮಿಗೆ ಹೋಗಬೇಕು. ಅಲ್ಲಿ ಒಂದು ಸರಪಳಿ ಕುಲುಮೆಯನ್ನು ಇಟ್ಟುಕೊಂಡಿದ್ದಾರೆ, ಕೆಲಸ ಮಾಡಿ ತೋರಿಸುತ್ತಾರೆ. ಕಬ್ಬಿಣದ ಸರಳಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ, ಬೇಕಾದ ಉದ್ದಕ್ಕೆ ಓರೆಯಾಗಿ ಕಡಿದು, ಅಡಿಗಲ್ಲಿನ ಮೇಲೆ ಬಗ್ಗಿಸಿ, ಹಿಂದಿನ ಕೊಂಡಿಯೊಳಗೆ ತೂರಿಸಿ, ಎರಡು ತುದಿಗಳನ್ನೂ ಒಂದರ ಮೇಲೊಂದು ಬರುವಂತೆ ಮಡಚಿ, ಮತ್ತೆ ಬೆಂಕಿಗಿಟ್ಟು, ಬಿಳಿಕಾವು ಬಂದ ಗಳಿಗೆಯಲ್ಲಿ ಹೊರತೆಗೆದು ಬಡಿಯುತ್ತಾರೆ. ಎರಡು ತುದಿ ಒಂದಾಗಲು ಸಿಗುವುದು ಕೆಲವೇ ಕ್ಷಣ. ಕಾವು ಕಡಿಮೆಯಾದರೆ ತುದಿಗಳು ಅಂಟಿದಂತೆ ಕಾಣುತ್ತವೆ, ಅಂಟಿರುವುದಿಲ್ಲ. ಹೆಚ್ಚಾದರೆ ಕಬ್ಬಿಣ ಸುಟ್ಟುಹೋಗುತ್ತದೆ. ನಡುವೆ ಬೂದಿಯ ಚೂರು ಸಿಕ್ಕಿಕೊಂಡರೂ ಬೆಸುಗೆ ಕೆಟ್ಟಂತೆ. ಕಾಲಲ್ಲಿ ತುಳಿದು ಬೀಳಿಸುವ ಆಲಿವರ್ ಎಂಬ ಸುತ್ತಿಗೆಯಿಂದ ಕೊನೆಗೆ ಆಕಾರ ಸರಿಮಾಡುತ್ತಾರೆ. ಇಷ್ಟಾದರೆ ಒಂದು ಕೊಂಡಿ. ಒಬ್ಬ ಹೆಂಗಸು ವಾರಕ್ಕೆ ಐದು ಸಾವಿರ ಕೊಂಡಿಗಳವರೆಗೆ ಕುಟ್ಟುತ್ತಿದ್ದಳು ಎಂಬ ಲೆಕ್ಕವನ್ನು ಈ ಚರಿತ್ರೆ ಬರೆದವರು ಕೊಡುತ್ತಾರೆ. ಕೂಸುಗಳನ್ನು ಕುಲುಮೆಯ ಮೂಲೆಯಲ್ಲೇ ಮಲಗಿಸಿಕೊಳ್ಳುತ್ತಿದ್ದರು, ಸ್ವಲ್ಪ ದೊಡ್ಡ ಮಕ್ಕಳು ತಿದಿ ಒತ್ತುತ್ತಿದ್ದರು.

ಕೂಲಿ ತೂಕದ ಮೇಲೆ. ಫಾಗರ್ ಎಂದು ಕರೆಯುತ್ತಿದ್ದ ದಲ್ಲಾಳಿ ಸರಳುಗಳ ಕಟ್ಟನ್ನು ಕೊಟ್ಟು ಹೋಗುತ್ತಿದ್ದ, ವಾರದ ಕೊನೆಗೆ ಸರಪಳಿಯನ್ನು ತೂಗಿ ಒಯ್ಯುತ್ತಿದ್ದ. ಇದನ್ನು ಓದುವಾಗ ನನಗೆ ಬೇರೆಲ್ಲಿಗೂ ಹೋಗಬೇಕಾಗಲಿಲ್ಲ. ನಮ್ಮ ಬಂಟ್ವಾಳ, ಪುತ್ತೂರಿನ ಕಡೆ ಜಗಲಿಯಲ್ಲಿ ಮೊರ ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಇದೇ ಏರ್ಪಾಟಿನಲ್ಲಿದ್ದವರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಕಟ್ಟಿದ ಬೀಡಿಯನ್ನು ಕೊಟ್ಟು ಸಾವಿರಕ್ಕಿಷ್ಟು ಎಂದು ಪಡೆಯುವುದು. ಕೆಲಸ ಮನೆಯಲ್ಲೇ ನಡೆಯುವುದರಿಂದ ಅದು ಕೆಲಸವೇ ಅಲ್ಲ, ಬಿಡುವಿನ ಹೊತ್ತಿನ ಸಂಪಾದನೆ ಎಂದು ಹೇಳಲು ಎಲ್ಲ ದೇಶದ ಧಣಿಗಳಿಗೂ ಬಾಯಿ ಬರುತ್ತದೆ. ಕ್ರೇಡ್ಲಿ ಹೀತಿನಲ್ಲಿ ವಾರಕ್ಕೆ 54 ಗಂಟೆ ಸುತ್ತಿಗೆ ಎತ್ತಿದ ಹೆಂಗಸಿಗೆ ಸಿಗುತ್ತಿದ್ದದ್ದು ಐದಾರು ಶಿಲಿಂಗ್.

1909ರಲ್ಲಿ ಬ್ರಿಟನ್ನಿನಲ್ಲಿ ಟ್ರೇಡ್ ಬೋರ್ಡ್ಸ್ ಕಾಯ್ದೆ ಬಂತು. ತೀರ ಕಡಿಮೆ ಕೂಲಿಯ ನಾಲ್ಕು ಕಸುಬುಗಳನ್ನು ಆರಿಸಿ, ಅವುಗಳಿಗೆ ಕನಿಷ್ಠ ಕೂಲಿ ಗೊತ್ತುಮಾಡುವ ಮಂಡಳಿಗಳನ್ನು ನೇಮಿಸಿದ ಕಾಯ್ದೆ. ನಾಲ್ಕರಲ್ಲಿ ಸರಪಳಿಯೂ ಒಂದು. 1910ರಲ್ಲಿ ಸರಪಳಿ ಮಂಡಳಿ ಹೆಂಗಸರಿಗೆ ಗಂಟೆಗೆ ಎರಡೂವರೆ ಪೆನ್ನಿ ಎಂದು ನಿರ್ಧರಿಸಿತು. 54 ಗಂಟೆಗೆ 11 ಶಿಲಿಂಗ್ 3 ಪೆನ್ನಿ. ಹಳೆಯ ಕೂಲಿಯ ಎರಡು ಪಟ್ಟಿನ ಹತ್ತಿರ. ಆದರೆ ಕಾಯ್ದೆಯಲ್ಲಿ ಒಂದು ಕಿಂಡಿಯಿತ್ತು. ಕೆಲಸಗಾರರೇ ಒಪ್ಪಿ ಬರೆದುಕೊಟ್ಟರೆ ಹೊಸ ದರವನ್ನು ಆರು ತಿಂಗಳು ಮುಂದೂಡಬಹುದಿತ್ತು. ಧಣಿಗಳು ಕಾಗದ ಹಿಡಿದುಕೊಂಡು ಮನೆ ಮನೆಗೆ ಬಂದರು. ಓದಲು ಬಾರದ ಎಷ್ಟೋ ಹೆಂಗಸರು ಅದೇನೆಂದು ತಿಳಿಯದೆ ಗುರುತು ಹಾಕಿಕೊಟ್ಟರು. ಆ ಆರು ತಿಂಗಳಲ್ಲಿ ಹಳೆಯ ದರಕ್ಕೆ ಬೇಕಾದಷ್ಟು ಸರಪಳಿ ಮಾಡಿಸಿ ದಾಸ್ತಾನು ಇಟ್ಟುಕೊಂಡು, ಆಮೇಲೆ ಕೆಲಸವೇ ಇಲ್ಲವೆನ್ನುವುದು ಅವರ ಲೆಕ್ಕಾಚಾರ ಎಂದು ಹೆಂಗಸರ ಸಂಘ ದೂರಿತು. ಸಹಿ ಹಾಕಲು ನಿರಾಕರಿಸಿದವರಿಗೆ ಸರಳು ಕೊಡುವುದನ್ನು ನಿಲ್ಲಿಸಿದರು. ಆಗಸ್ಟಿನ ಕೊನೆಯ ಭಾಗದಲ್ಲಿ ಹೋರಾಟ ಶುರುವಾಯಿತು.

ಮುಂದೆ ನಿಂತವಳು ಮೇರಿ ಮ್ಯಾಕಾರ್ಥರ್. ಸ್ಕಾಟ್ಲೆಂಡಿನವಳು, ಆಗ ಅವಳಿಗೆ ಮೂವತ್ತು ವರ್ಷ. 1906ರಲ್ಲಿ ಹೆಣ್ಣು ಕೆಲಸಗಾರರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವಳು. ಅವಳಿಗೆ ಪತ್ರಿಕೆಗಳ ಕೈವಾಡ ಚೆನ್ನಾಗಿ ಗೊತ್ತಿತ್ತು. ಮುದುಕಿಯರನ್ನು ಮುಂದೆ ಕೂರಿಸಿ, ಅವರು ಕುಟ್ಟಿದ ಸರಪಳಿಗಳನ್ನೇ ಅವರ ಕೊರಳಿಗೆ ಹಾಕಿಸಿ ಫೋಟೋ ತೆಗೆಸಿದಳು. ಅವರಲ್ಲಿ ಪೇಷನ್ಸ್ ರೌಂಡ್ ಎಂಬವಳಿಗೆ 79 ವರ್ಷ. ಆಗತಾನೆ ಕಣ್ಣುಬಿಡುತ್ತಿದ್ದ ಸಿನಿಮಾ ಸುದ್ದಿಚಿತ್ರದವರನ್ನೂ ಕರೆಸಿದಳು. ದೇಶದ ಮೂಲೆ ಮೂಲೆಗಳಿಂದ ಹಣ ಬಂತು, ಒಟ್ಟು ಸುಮಾರು ನಾಲ್ಕು ಸಾವಿರ ಪೌಂಡು. ಹತ್ತು ವಾರಗಳಾಗುವ ಹೊತ್ತಿಗೆ, ಅಕ್ಟೋಬರ್ 22ರಂದು, ಕೊನೆಯ ಧಣಿಯೂ ಹೊಸ ದರಕ್ಕೆ ಒಪ್ಪಿದ. ಮಿಕ್ಕ ಹಣದಲ್ಲಿ ಊರಿಗೊಂದು ಕೆಲಸಗಾರರ ಸಭಾಭವನ ಕಟ್ಟಿಸಿದರು. 1912ರಲ್ಲಿ ತೆರೆದ ಆ ಕಟ್ಟಡ ರಸ್ತೆ ಕಾಮಗಾರಿಗೆ ಸಿಕ್ಕಿದಾಗ ಬಿಚ್ಚಿ ತಂದು ಮ್ಯೂಸಿಯಮ್ಮಿನಲ್ಲಿ ಮತ್ತೆ ಕಟ್ಟಿದ್ದಾರೆ. ಕೈಕುಲುಮೆಯ ನಾಯಿ ಸರಪಳಿಯಿಂದ, ದನದ ಸರಪಳಿಯಿಂದ ಎದ್ದು ನಿಂತ ಕಟ್ಟಡ ಅದು ಎಂದು ನಾನು ಜೊತೆಗೆ ಬಂದವರಿಗೆಲ್ಲ ಹೇಳುತ್ತೇನೆ. ಅರ್ಧದಷ್ಟು ಜನ ಟೈಟಾನಿಕ್ಕಿನ ಲಂಗರು ಎಲ್ಲಿ ಎಂದು ಕೇಳುತ್ತಾರೆ. ಕಾಯ್ದೆಯಿಂದ ಕನಿಷ್ಠ ಕೂಲಿ ಗೊತ್ತುಮಾಡುವ ಈ ಕ್ರಮ ಮುಂದೆ ನಮ್ಮಲ್ಲಿಗೂ ಬಂತು. ಭಾರತದ 1948ರ ಕನಿಷ್ಠ ವೇತನ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಬೀಡಿ ಇತ್ತು.

ಕೈಬೆಸುಗೆಯ ಕಾಲ ಹೆಚ್ಚು ಉಳಿಯಲಿಲ್ಲ. ವಿದ್ಯುತ್ ಹಾಯಿಸಿ ಲೋಹದ ತುದಿಗಳನ್ನು ಕರಗಿಸಿ ಒತ್ತುವ ಬೆಸುಗೆಯನ್ನು ಎಲಿಹು ಥಾಮ್ಸನ್ 1880ರ ದಶಕದಲ್ಲೇ ಅಮೆರಿಕದಲ್ಲಿ ಕಂಡುಹಿಡಿದಿದ್ದ. ಯಂತ್ರ ಒಂದೊಂದಾಗಿ ಸಣ್ಣ ಸರಪಳಿಗಳನ್ನೆಲ್ಲ ನುಂಗಿತು. ಇಂದು ಒಳ್ಳೆಯ ನಾಯಿ ಸರಪಳಿಯ ಪ್ರತಿ ಕೊಂಡಿಯಲ್ಲೂ ಸಣ್ಣ ಗಂಟಿನಂತೆ ಕಾಣುವುದು ಆ ಬೆಸುಗೆಯೇ. ಅದನ್ನು ಕಣ್ಣಿಟ್ಟು ಹುಡುಕಿ. ಎಷ್ಟೋ ಅಗ್ಗದ ಸರಪಳಿಗಳಲ್ಲಿ ಬೆಸುಗೆಯೇ ಇರುವುದಿಲ್ಲ. ತಂತಿಯನ್ನು ತಿರುಚಿ, ಮಡಚಿ, ಗಂಟುಹಾಕಿ ಬಿಟ್ಟಿರುತ್ತಾರೆ. ಹೂಕುಂಡ ತೂಗುಹಾಕಲು ಅದು ಸಾಕು. ಓಡಿಬಂದು ಜಗ್ಗುವ ನಾಯಿಗೆ ಸಾಲದು.

ಎಷ್ಟು ಜಗ್ಗುತ್ತದೆ ಎಂದು ಒಂದು ಲೆಕ್ಕ ಮಾಡೋಣ. ಮೂವತ್ತು ಕಿಲೋ ತೂಕದ ನಾಯಿ ಬೆಕ್ಕನ್ನು ಕಂಡು ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಓಡುತ್ತದೆನ್ನಿ. ಸರಪಳಿ ಮುಗಿದು, ಇಪ್ಪತ್ತು ಸೆಂಟಿಮೀಟರಿನೊಳಗೆ ಅದು ನಿಲ್ಲಬೇಕಾದರೆ ಸರಾಸರಿ ಎಳೆತ ಸುಮಾರು 490 ಕಿಲೋ ಭಾರದಷ್ಟು. ಅಮೆರಿಕದಲ್ಲಿ ಗ್ರೇಡ್ 30 ಎನ್ನುವ, ಮೂರು ಹದಿನಾರಂಶ ಇಂಚಿನ ಬೆಸೆದ ಸರಪಳಿಗೆ ನಿತ್ಯಬಳಕೆಯ ಮಿತಿ 800 ಪೌಂಡು, ಅಂದರೆ 360 ಕಿಲೋ. ತುಂಡಾಗುವುದು ಅದರ ನಾಲ್ಕು ಪಟ್ಟಿಗೆ. ಸರಪಳಿ ತಡೆದುಕೊಳ್ಳುತ್ತದೆ, ಸರಿ. ಆ 490 ಕಿಲೋ ಇನ್ನೊಂದು ತುದಿಯಲ್ಲಿ ಬೀಳುವುದು ಎಲ್ಲಿಗೆ? ಕೊರಳಿಗೆ. ಗೂಟದ ಬಳಿ ಗಟ್ಟಿ ಸ್ಪ್ರಿಂಗೊಂದನ್ನು ಸೇರಿಸಿ, ನಾಯಿ ಅರ್ಧ ಮೀಟರಿನಲ್ಲಿ ನಿಲ್ಲುವಂತೆ ಮಾಡಿದರೆ ಅದೇ ಎಳೆತ 195 ಕಿಲೋಕ್ಕೆ ಇಳಿಯುತ್ತದೆ. ಕೊರಳಪಟ್ಟಿಯ ಬದಲು ಎದೆಗೆ ಹರಡಿ ಕೂರುವ ಪಟ್ಟಿ ಹಾಕಿದರೆ ಗಂಟಲು ಉಳಿಯುತ್ತದೆ. ಸರಪಳಿ ಇನ್ನೂ ದಪ್ಪವಾದರೆ ಇನ್ನೂ ಒಳ್ಳೆಯದು ಎಂಬ ಮಾತು ಸುಳ್ಳು. ಮೇಲೆ ಹೇಳಿದ ಸರಪಳಿಯೇ ಐದು ಮೀಟರಿಗೆ ಸುಮಾರು ಮೂರು ಕಿಲೋ ತೂಗುತ್ತದೆ. ದಿನವಿಡೀ ಅದನ್ನು ಎಳೆದಾಡುವುದು ನಾಯಿ.

ನಿಜವಾಗಿ ಮುರಿಯುವುದು ಕೊಕ್ಕೆ. ಫಳಫಳ ಹೊಳೆಯುವ ಅಗ್ಗದ ಕೊಕ್ಕೆಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಅಂಥ ಮಿಶ್ರಲೋಹಗಳ ಒಂದು ಕುಲವನ್ನು 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ಹೊರತಂದಿತು, ಜಮಾಕ್ ಎಂಬ ಹೆಸರಿನಲ್ಲಿ. ಬಾಗಿಲ ಹಿಡಿ, ಆಟಿಕೆ ಕಾರು, ಜಿಪ್ಪಿನ ಎಳೆ ಮುಂತಾದವಕ್ಕೆಲ್ಲ ಬಹಳ ಒಳ್ಳೆಯದು. ಆದರೆ ಚಳಿ ಸೊನ್ನೆಗಿಂತ ಕೆಳಗಿಳಿದರೆ ಈ ಲೋಹ ಪೆಡಸಾಗುತ್ತದೆ, ಒಂದೇ ಏಟಿಗೆ ಬಿಸ್ಕತ್ತಿನಂತೆ ಮುರಿಯುತ್ತದೆ. ಮಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಕೊಕ್ಕೆ ಕೆನಡದ ಒಂದು ಜನವರಿಯನ್ನು ದಾಟಲಾರದು. ಹಿಮ ಬೀಳುವ ದೇಶದಲ್ಲಿರುವವರು ಗಟ್ಟಿ ಕಂಚು ಅಥವಾ ಉಕ್ಕಿನ ಕೊಕ್ಕೆಯನ್ನೇ ಕೇಳಿ ತೆಗೆದುಕೊಳ್ಳಬೇಕು. ಪರ್ವತಾರೋಹಿಗಳ ಕ್ಯಾರಬೀನರ್ ಕೂಡ ಆಗುತ್ತದೆ. ಕುದುರೆ ಸವಾರ ಸೈನಿಕರ ಕಾರ್ಬೈನ್ ಬಂದೂಕನ್ನು ಪಟ್ಟಿಗೆ ಸಿಕ್ಕಿಸುತ್ತಿದ್ದ ಕೊಕ್ಕೆಯಿಂದ ಅದರ ಹೆಸರು ಬಂದದ್ದು. ಯಾವುದೇ ಆಗಲಿ, ಕೈಗವಸು ಹಾಕಿದ ಒಂದೇ ಕೈಯಿಂದ, ಕತ್ತಲಲ್ಲಿ, ನಾಯಿ ಜಗ್ಗುತ್ತಿರುವಾಗಲೇ ಬಿಚ್ಚಲು ಬರಬೇಕು. ಬೋಲ್ಟು ಹಾಕಿ ಬಿಗಿದ ಸಂಕೋಲೆಯನ್ನು ಕೊರಳಿನ ಕಡೆ ಹಾಕಲೇಬಾರದು, ಗೂಟದ ಕಡೆ ಹಾಕಿ. ಪಾಂಪೇಯ ನಾಯಿಯನ್ನು ನೆನೆದವರಿಗೆ ಕಾರಣ ಹೇಳಬೇಕಾಗಿಲ್ಲ.

ಇನ್ನು ಸತು. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿದರೆ ತುಕ್ಕು ಹಿಡಿಯದೆಂದು ಫ್ರಾನ್ಸಿನ ಮಾಲುಯಾಂ 1742ರಲ್ಲಿ ಹೇಳಿದ. ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದು 1837ರಲ್ಲಿ ಪೇಟೆಂಟ್ ಪಡೆದವನು ಅದೇ ದೇಶದ ಸೊರೆಲ್. ಸತುವನ್ನು ದೊಡ್ಡ ಪ್ರಮಾಣದಲ್ಲಿ ಬಟ್ಟಿಯಿಳಿಸುವ ವಿದ್ಯೆ ಯುರೋಪಿಗಿಂತ ಶತಮಾನಗಳ ಮೊದಲೇ ರಾಜಸ್ಥಾನದ ಜಾವರದಲ್ಲಿತ್ತು ಎಂಬುದನ್ನು ಸೇರಿಸಿ ಹೇಳದಿದ್ದರೆ ನನ್ನ ನಾಲಿಗೆ ತಡೆಯದು. ಸತು ಕಬ್ಬಿಣದ ಮೇಲೆ ಬರಿಯ ಬಣ್ಣದಂತೆ ಕೂತಿರುವುದಿಲ್ಲ. ಗೀರು ಬಿದ್ದಲ್ಲಿ ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬಿಸಿಯಲ್ಲಿ ಅದ್ದಿದ ಲೇಪ ಮಂಕು ಬೂದುಬಣ್ಣ, ಮುಟ್ಟಿದರೆ ತರಿ, ಐವತ್ತು ಮೈಕ್ರಾನಿಗಿಂತ ದಪ್ಪ. ವಿದ್ಯುತ್ತಿನಿಂದ ಬಳಿದದ್ದು ನುಣುಪು, ನೀಲಿಹೊಳಪು, ಹತ್ತು ಮೈಕ್ರಾನಿನ ಆಸುಪಾಸು. ಅಂಗಡಿಯಲ್ಲಿ ಚಂದ ಕಾಣುವುದು ಎರಡನೆಯದು, ಮಳೆಯಲ್ಲಿ ಉಳಿಯುವುದು ಮೊದಲನೆಯದು. ಸತುಲೇಪದ ಸರಪಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಕೊಕ್ಕೆ ಹಾಕಿದರೆ, ಒದ್ದೆಯಲ್ಲಿ ಎರಡೂ ಸೇರಿ ಬ್ಯಾಟರಿಯಂತಾಗಿ ಸತು ಬೇಗ ಕರಗುತ್ತದೆ. ಸರಪಳಿ ಜಗಿಯುವ ಚಟವಿರುವ ನಾಯಿಗೆ ಸತು ವಿಷವೂ ಹೌದು. ಹೊಟ್ಟೆಗೆ ಹೋದರೆ ರಕ್ತಕಣಗಳನ್ನು ಒಡೆಯುತ್ತದೆ. ಅಂಥ ನಾಯಿಗೆ ಪೂರ್ತಿ ಸ್ಟೇನ್‌ಲೆಸ್ ಆಗಬಹುದು. ಅದಕ್ಕಿಂತ, ಅದು ಯಾಕೆ ಸರಪಳಿ ಜಗಿಯುತ್ತಿದೆ, ದಿನಕ್ಕೆಷ್ಟು ಹೊತ್ತು ಕಟ್ಟಿದ್ದೇವೆ ಎಂದು ಲೆಕ್ಕ ನೋಡುವುದು ಮೇಲು. ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಹುರಿಯೂ ಸಿಗುತ್ತದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಯಲ್ಲಿ 1834ರಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಬಳಕೆಗೆ ತಂದ ತಂತಿಹಗ್ಗದ ವಂಶ ಅದು. ಹಗುರ, ತಿರುಚಿಕೊಳ್ಳುವುದು ಕಡಿಮೆ. ಆದರೆ ಪ್ಲಾಸ್ಟಿಕ್ಕಿನೊಳಗೆ ನೀರು ಸೇರಿದರೆ ತಂತಿ ಒಳಗೊಳಗೇ ತುಕ್ಕು ಹಿಡಿಯುವುದು ಹೊರಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಕಾಯಿಲೆಯೇ ವಾಸಿ ಎಂಬುದು ನನ್ನ ಮತ.

ಕಟ್ಟುವುದೇ ಸರಿಯೇ ಎಂಬ ಪ್ರಶ್ನೆಯನ್ನು ಕಾನೂನುಗಳೂ ಬೇರೆ ಬೇರೆ ರೀತಿ ನೋಡಿವೆ. ಇಂಗ್ಲೆಂಡಿನ 1906ರ ನಾಯಿ ಕಾಯ್ದೆ, ಕುರಿ ದನಗಳ ರಕ್ಷಣೆಗಾಗಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ನಾಯಿಗಳು ಅಲೆಯದಂತೆ ತಡೆಯಲು ಅವಕಾಶ ಕೊಟ್ಟಿತ್ತು; ಹ್ಯಾರಿಸನ್ನನ ಕಾಲದ ಪದ್ಧತಿ ತಿರುವುಮುರುವಾದಂತೆ. ನೂರು ವರ್ಷ ಕಳೆದು ಬಂದ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಕಟ್ಟುವುದನ್ನು ನಿಷೇಧಿಸುವುದಿಲ್ಲ, ಆದರೆ ಪ್ರಾಣಿಯ ಅಗತ್ಯಗಳನ್ನು ಪೂರೈಸುವ ಹೊಣೆಯನ್ನು ಸಾಕಿದವನ ಮೇಲೆ ಹೊರಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂದೆಡೆ ಬಿಗಿದು ಕಟ್ಟಿಡುವುದಕ್ಕೆ ದಿನಕ್ಕೆ ಮೂರು ಗಂಟೆಯ ಮಿತಿಯಿದೆ. ನನ್ನ ಮಟ್ಟಿಗೆ ಸರಪಳಿ ಎಂದರೆ ಬೇಲಿ ಇಲ್ಲದ ಕಡೆ, ಮನುಷ್ಯರು ಹತ್ತಿರ ಇರುವಾಗ, ಒಂದೆರಡು ಗಂಟೆಯ ಮಾತು. ಕ್ಯಾಂಪಿಂಗಿಗೆ ಹೋದಾಗ, ಅಂಗಳದಲ್ಲಿ ಕೆಲಸ ಮಾಡುವಾಗ. ಗೂಟದ ಸುತ್ತ ಸರಪಳಿಯ ಉದ್ದದಷ್ಟು ಜಾಗದಲ್ಲಿ ಮರ, ಬೆಂಚು, ಮೆಟ್ಟಿಲು ಇರಕೂಡದು. ಬೇಲಿ ಹಾರಿ ಆಚೆ ನೇತಾಡುವಷ್ಟು ಹತ್ತಿರವಂತೂ ಇರಲೇಕೂಡದು. ನೀರು, ನೆರಳು ಎರಡೂ ಆ ವೃತ್ತದೊಳಗೇ ಇರಬೇಕು.

ಆರೈಕೆಗೆ ಬೇಕಾದದ್ದು ತಿಂಗಳಿಗೆ ಹತ್ತು ನಿಮಿಷ. ಸರಪಳಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಾದ್ದರಿಂದ ಆಗ ವಾರಕ್ಕೊಮ್ಮೆ. ಕೊಲ್ಲಿ ದೇಶಗಳಲ್ಲಿ, ಕರಾವಳಿಯಲ್ಲಿ ಇರುವವರಿಗೆ ವರ್ಷವಿಡೀ ಅದೇ ಗತಿ. ಸ್ವಿವೆಲ್ಲುಗಳು ಎರಡು ಇರಲಿ, ಗೂಟದ ಬಳಿ ಒಂದು, ನಾಯಿಯ ಬಳಿ ಒಂದು. ಒಂದೊಂದಕ್ಕೂ ಒಂದು ತೊಟ್ಟು ಎಣ್ಣೆ ಬಿಟ್ಟು ಬೆರಳಲ್ಲಿ ತಿರುಗಿಸಿ, ತಿರುಗದಿದ್ದರೆ ಬದಲಿಸಿ. ಕೊಕ್ಕೆಯ ಸ್ಪ್ರಿಂಗು ತಾನೇ ಟಕ್ಕನೆ ಮುಚ್ಚಬೇಕು. ಸ್ಕ್ರೂನಂತೆ ನೆಲಕ್ಕೆ ತಿರುಗಿಸುವ ಗೂಟವಾದರೆ ಮಳೆ ಬಂದು ಮಣ್ಣು ಮೆದುವಾದ ದಿನ ಕಾಲಿನಿಂದ ಒದ್ದು ನೋಡಿ. ಒಣ ನೆಲದಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ಬೆಲೆಯಿಲ್ಲ. ಸರಪಳಿಯ ಹೊರಮೈಯನ್ನು ನೋಡಿ ಸಮಾಧಾನಪಡಬೇಡಿ. ಸವೆತ ನಡೆಯುವುದು ಒಳಗೆ, ಒಂದು ಕೊಂಡಿ ಇನ್ನೊಂದನ್ನು ಉಜ್ಜುವ ಬಾಗಿನಲ್ಲಿ. ಎರಡು ಕೊಂಡಿಗಳನ್ನು ಒಂದರತ್ತ ಒಂದು ನೂಕಿ ಸಡಿಲಿಸಿದರೆ ಆ ಜಾಗ ಕಾಣುತ್ತದೆ. ಅಲ್ಲಿ ದಪ್ಪದ ಹತ್ತರಲ್ಲೊಂದು ಪಾಲು ಸವೆದಿದ್ದರೆ ಆ ಸರಪಳಿಯ ಆಯುಸ್ಸು ಮುಗಿಯಿತು. ಹಾಗೇ ಕಸಕ್ಕೆ ಹಾಕಬೇಡಿ, ಯಾರಾದರೂ ಎತ್ತಿಕೊಂಡು ಹೋಗಿ ತಮ್ಮ ನಾಯಿಗೆ ಕಟ್ಟಿಯಾರು. ನಡುವೆ ಒಂದೆರಡು ಕಡೆ ಕತ್ತರಿಸಿ, ತುಂಡುಗಳನ್ನು ಗುಜರಿಯ ಡಬ್ಬಕ್ಕೆ ಹಾಕಿ.